12 ವೋಲ್ಟ್ ಮೈಕ್ರೋಲೈಟ್ ಪ್ಯಾನಲ್‌ಗೆ ಸ್ವಿಚ್, ಬ್ರೇಕರ್ ಯಾವು ಹಾಕಬೇಕ್ರಿ?

ತಾರಿಹಾಳ_ಪ್ಯಾನಲ್:

ನಮಸ್ಕಾರ್ರಿ ಎಲ್ಲಾರಿಗೂ. ಎರಡು ಸೀಟಿನ ಮೈಕ್ರೋಲೈಟ್, ರೋಟಾಕ್ಸ್ 912 ಎಂಜಿನ್, 12 ವೋಲ್ಟ್. ವಿಮಾನ ಬ್ಯಾರೆ ಊರಾಗ ಐತಿ, ಪ್ಯಾನಲ್ ಅಷ್ಟ ಹುಬ್ಬಳ್ಳಿ ತಾರಿಹಾಳದಾಗ 2 ಮಿಮೀ ಅಲ್ಯೂಮಿನಿಯಂ ಶೀಟಿನಾಗ ಹೊಸದಾಗಿ ಮಾಡೋದೈತಿ. ಹಳೇ ಗಾಜಿನ ಫ್ಯೂಸ್ ತಗದು ಬ್ರೇಕರ್ ಹಾಕಬೇಕು.

ಲೋಡ್ ಹಿಂಗ ಅದಾವ: ರೇಡಿಯೋ ಕೇಳುವಾಗ 0.5 ಆಂಪ್, ಮಾತಾಡುವಾಗ 2. ಟ್ರಾನ್ಸ್‌ಪಾಂಡರ್ (ರಾಡಾರಿಗೆ ಉತ್ತರ ಕೊಡೋ ಯಂತ್ರ) 1. ಎಂಜಿನ್ ಮಾನಿಟರ್, ಸ್ಕ್ರೀನ್ ಸೇರಿ 2. ಎಲ್ಇಡಿ ನ್ಯಾವ್ ಲೈಟ್ (ರೆಕ್ಕಿ ತುದಿ ದೀಪ), ಸ್ಟ್ರೋಬ್ (ಮಿಂಚೋ ದೀಪ) 2. ಹೆಚ್ಚುವರಿ ಫ್ಯೂಯೆಲ್ ಪಂಪ್ 2. ಮೂಗಿನಾಗ 55 ವ್ಯಾಟ್ ಹ್ಯಾಲೋಜನ್ ಲ್ಯಾಂಡಿಂಗ್ ಲೈಟ್, ಸುಮಾರು 4.5.

ಪ್ಯಾಟ್ಯಾಗ ಸಿಗೋ 6 ಆಂಪ್ 250 ವೋಲ್ಟ್ ರಾಕರ್ ಸ್ವಿಚ್ ನಡೀತಾವೇನು? ಮನಿ ಎಂಸಿಬಿ ಹಾಕಿದ್ರ ಏನಾಗ್ತೈತಿ? ಮತ್ತ ಜಾಗಾ ಉಳಿಸಾಕ ಎಳಿಯೋ ಬ್ರೇಕರನ್ನ ಸ್ವಿಚ್ ಮಾಡಿ ಬಿಡಬಹುದೇನು?

ನವನಗರ_ವೈರಿಂಗ್:

ಸರ, ಬ್ರೇಕರ್ ಆರಿಸೋಕಿಂತ ಮೊದಲ ವೈರ್ ಆರಿಸ್ರಿ. ಬ್ರೇಕರ್ ಕಾಯೋದು ವೈರನ್ನ, ರೇಡಿಯೋನ ಅಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್ಎಎದ ರಿಪೇರಿ ಮಾರ್ಗದರ್ಶಿ ಎಸಿ 43.13-1ಬಿ ಒಳಗ ಕೊಟ್ಟ ಮಿತಿ ಇದು (ಗೇಜ್ ಅಂದ್ರ ಎಡಬ್ಲ್ಯೂಜಿ, ಅಂಕಿ ಇಳಿದಂಗ ವೈರ್ ದಪ್ಪ): 22 ಗೇಜಿಗೆ 5 ಆಂಪ್, 20ಕ್ಕ 7.5, 18ಕ್ಕ 10, 16ಕ್ಕ 15, 14ಕ್ಕ 20. ಇದು ಮ್ಯಾಲಿನ ಮಿತಿ. ಕಮ್ಮಿ ಹಾಕಬಹುದು, ಜಾಸ್ತಿ ಹಾಕಂಗಿಲ್ಲ.

ರೇಡಿಯೋ, ಟ್ರಾನ್ಸ್‌ಪಾಂಡರ್, ಸ್ಕ್ರೀನ್, ನ್ಯಾವ್ ಲೈಟ್, ನಾಲ್ಕಕ್ಕೂ 22 ಗೇಜ್, ಒಂದೊಂದಕ್ಕ ಬ್ಯಾರೆ ಬ್ಯಾರೆ 5 ಆಂಪ್. ಒಂದ ಬ್ರೇಕರಿಗೆ ರೇಡಿಯೋನೂ ಸ್ಕ್ರೀನೂ ಕೂಡಿಸಬ್ಯಾಡ್ರಿ, ಒಂದು ಕೆಟ್ರ ಎರಡೂ ಹೋಗ್ತಾವ. ಪಂಪಿಗೆ 20 ಗೇಜ್, 5 ಆಂಪ್.

ಲ್ಯಾಂಡಿಂಗ್ ಲೈಟಿನಾಗ ಲೆಕ್ಕ ತಪ್ಪೋದು. ಹೋಗಾಕ 3 ಮೀಟರ್, ಬರಾಕ 3 ಮೀಟರ್ ಅಂತ ಹಿಡೀರಿ. 20 ಗೇಜ್ ಮೀಟರಿಗೆ ಸುಮಾರು 33 ಮಿಲಿಓಮ್, 4.5 ಆಂಪಿಗೆ 0.9 ವೋಲ್ಟ್ ವೈರಿನಾಗ ಹೋತು. 14 ವೋಲ್ಟ್ ಸಿಸ್ಟಮ್ಮಿಗೆ (12 ವೋಲ್ಟ್ ಬ್ಯಾಟರಿದ ಸಿಸ್ಟಮ್ ಚಾರ್ಜ್ ಆಗುವಾಗ ಸುಮಾರು 14 ಇರ್ತೈತಿ) ಸತತ ಲೋಡಿನಾಗ 0.5 ವೋಲ್ಟ್ ಮಿತಿ. 18 ಗೇಜ್ ಹಾಕಿದ್ರೂ 0.57 ಬರ್ತೈತಿ. 16 ಹಾಕ್ರಿ, 0.36ಕ್ಕ ಇಳೀತೈತಿ. ಬ್ರೇಕರ್ 7.5 ಸಾಕು, ವೈರ್ ದಪ್ಪ ಮಾಡಿದ್ದು ವೋಲ್ಟ್ ಉಳಿಸಾಕ, ಬ್ರೇಕರ್ ಏರಿಸಾಕ ಅಲ್ಲ.

ವೈರ್ ಟೆಫ್ಜೆಲ್ ಹೊದಿಕೆದ್ದು (ವಿಮಾನದ ವೈರ್, ನಂಬರ್ 22759/16) ತಗೋರಿ. ಪಿವಿಸಿ ಸುಟ್ರ ಆ ಹೊಗಿ ಸಣ್ಣ ಕಾಕ್‌ಪಿಟ್ಟಿನಾಗ ಕಣ್ಣು ಬಿಡಾಕ ಕೊಡಂಗಿಲ್ಲ. ಟರ್ಮಿನಲ್ಲಿಗೆ ರ‍್ಯಾಚೆಟ್ ಕ್ರಿಂಪರ್ ಬೇಕ ಬೇಕು. ಬೆಸುಗಿ ಹಾಕಿದ್ರ ಸೀಸ ಎಳಿಯೊಳಗ ಏರಿ ಅಷ್ಟು ಉದ್ದ ಕಡ್ಡಿ ಆಗ್ತೈತಿ, ಕಡ್ಡಿ ಮುಗಿಯೋ ಕಡೆ ಅಲುಗಾಟಕ್ಕ ಮುರೀತೈತಿ.

ಎಎಂಇ_ಗೋಕುಲರೋಡ್:

ವೈರಿಂಗ್ ಸರ್ ಹೇಳಿದ್ದು ಸರಿ. ಸ್ವಿಚ್ ಬಗ್ಗೆ ನಾನು ಹೇಳುತ್ತೇನೆ.

ರಾಕರ್ ಮೇಲಿನ "6 ಆಂಪ್ 250 ವೋಲ್ಟ್" ಎಸಿ ರೇಟಿಂಗ್. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವು ಇಲ್ಲ. ಡಿಸಿ ರೇಟಿಂಗ್ ಬರೆದಿಲ್ಲವಾದರೆ ಆ ಸ್ವಿಚ್ ಅಂಗಡಿಯಲ್ಲೇ ಇರಲಿ.

ಡಿಸಿ ರೇಟಿಂಗ್ ಇದ್ದರೂ ಲೋಡ್ ಎಂಥದ್ದು ನೋಡಬೇಕು. ಸ್ವಿಚ್ಚಿನ ರೇಟಿಂಗ್ ಲೋಡಿನ ಎಷ್ಟು ಪಟ್ಟು ಇರಬೇಕು ಎಂದರೆ, 12 ವೋಲ್ಟಿಗೆ ಫಿಲಮೆಂಟ್ ದೀಪಕ್ಕೆ 5 ಪಟ್ಟು, ಮೋಟಾರಿಗೆ 2, ರಿಲೇ ಕಾಯಿಲ್ಲಿಗೆ 2, ಹೀಟರ್ ಥರದ್ದಕ್ಕೆ 1. ನಿಮ್ಮ ಪಂಪಿಗೆ 4 ಆಂಪಿನ ಸ್ವಿಚ್ ಸಾಕು. ಹ್ಯಾಲೋಜನ್ನಿಗೆ 22.5 ಬೇಕು! ತಣ್ಣಗಿನ ಫಿಲಮೆಂಟ್ ಮೊದಲ ಕ್ಷಣ 15 ಪಟ್ಟು ಎಳೆಯಬಲ್ಲದು, ಕಾಂಟ್ಯಾಕ್ಟ್ ಮುಚ್ಚುವಾಗ ಪುಟಿದರೆ ಅಲ್ಲೇ ಬೆಸೆದುಕೊಳ್ಳುತ್ತದೆ. ಆಮೇಲೆ ಸ್ವಿಚ್ ಕೆಳಗೆ ಮಾಡಿದರೂ ಲೈಟ್ ಉರಿಯುತ್ತಲೇ ಇರುತ್ತದೆ.

ನನ್ನ ಮಾತು ಕೇಳಿದರೆ ಹ್ಯಾಲೋಜನ್ ತೆಗೆದು ಎಲ್ಇಡಿ ಹಾಕಿ. ಇನ್ನೊಂದು ಕಾರಣವೂ ಇದೆ. 912ರ ಒಳಗಿನ ಜನರೇಟರ್ 250 ವ್ಯಾಟ್, ಅಂದರೆ ಸುಮಾರು 18 ಆಂಪ್, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಸತತ ಲೋಡ್ 80 ಶೇಕಡಾ ದಾಟಬಾರದು ಎಂದರೆ 14.4. ನಿಮ್ಮ ಪಟ್ಟಿ ಕೂಡಿಸಿದರೆ 12, ರೇಡಿಯೋದಲ್ಲಿ ಮಾತಾಡುವಾಗ 13.5. ಬ್ಯಾಟರಿ ಚಾರ್ಜಿಗೆ ಉಳಿಯುವುದು ಚೂರೇ ಚೂರು, ಟ್ಯಾಕ್ಸಿ ಮಾಡುವಾಗ ಅದೂ ಇಲ್ಲ.

ಎಂಸಿಬಿ ಬೇಡ. ಒಂದೊಂದಕ್ಕೆ 18 ಮಿಮೀ ಅಗಲ, ತೂಕ, ಅಲುಗಾಟಕ್ಕೆ ಸಡಿಲಾಗುವ ಸ್ಕ್ರೂ ಕ್ಲ್ಯಾಂಪ್. ಕ್ಲಿಕ್ಸನ್ 7277 ಥರದ, ಬಟನ್ ಎಳೆದು ಬಂದ್ ಮಾಡಬಹುದಾದ ವಿಮಾನದ ಬ್ರೇಕರ್ ತಗೊಳ್ಳಿ. ಬಟನ್ ತಲೆಯ ಮೇಲೇ ಆಂಪ್ ಬರೆದಿರುತ್ತದೆ, ಟ್ರಿಪ್ ಆದಾಗ ಬಿಳಿ ಪಟ್ಟಿ ಕಾಣುತ್ತದೆ. ಟ್ರಿಪ್-ಫ್ರೀ ಆಗಿರಲೇಬೇಕು, ಅಂದರೆ ಬಟನ್ ಒತ್ತಿ ಹಿಡಿದರೂ ದೋಷ ಇರುವ ತನಕ ಕೂಡಬಾರದು. ತಾನೇ ರೀಸೆಟ್ ಆಗುವ ಜಾತಿ ಬೇಡವೇ ಬೇಡ.

ಅದನ್ನು ದಿನಾ ಸ್ವಿಚ್ಚಿನಂತೆ ಎಳೆಯಬೇಡಿ, ಅದನ್ನು ಅದಕ್ಕೆ ಮಾಡಿಲ್ಲ. ಜಾಗ ಉಳಿಸಲೇಬೇಕಾದರೆ ಡಬ್ಲ್ಯೂ31 ಎಂಬ ಮಾದರಿ ಇದೆ: ಟಾಗಲ್ಲೂ ಅದೇ, ಬ್ರೇಕರ್ರೂ ಅದೇ. ಪಂಪ್, ಲೈಟಿಗೆ ಚೆನ್ನಾಗಿ ಹೊಂದುತ್ತದೆ. ಡಬ್ಲ್ಯೂ58 ತರಬೇಡಿ, ಅದನ್ನು ಒತ್ತಬಹುದು, ಎಳೆಯಲು ಬರುವುದಿಲ್ಲ. ಹೊಗೆ ಬಂದಾಗ ಒಂದೊಂದೇ ಸರ್ಕ್ಯೂಟ್ ಬೇರೆ ಮಾಡಲು ಎಳೆಯುವಂಥದ್ದೇ ಬೇಕು.

ಇದೇ ಕೆಲಸ ಟೈಪ್ ಸರ್ಟಿಫೈಡ್ (ಮಾದರಿಗೇ ಸರ್ಕಾರದ ಪ್ರಮಾಣಪತ್ರ ಇರುವ) ವಿಮಾನದ ಮೇಲಾದರೆ ಲೆಕ್ಕವೇ ಬೇರೆ. ಅನುಮೋದಿತ ಡೇಟಾ ಬೇಕು, ಭಾಗಗಳಿಗೆ ಸಿಎ ಫಾರ್ಮ್ 1, ಇಎಎಸ್ಎ ಫಾರ್ಮ್ 1 ಅಥವಾ 8130-3 ಥರದ ಪ್ರಮಾಣ ಕಾಗದ ಬೇಕು.

ತಾರಿಹಾಳ_ಪ್ಯಾನಲ್:

ಭಾಳ ಉಪಕಾರ ಆತ್ರಿ. ಎಲ್ಇಡಿನ ಹಾಕ್ತೇವಿ. ಇಗ್ನಿಷನ್ ಸ್ವಿಚ್ಚಿಗೆ ಎಷ್ಟು ಆಂಪಿನ ಬ್ರೇಕರ್?

ನವನಗರ_ವೈರಿಂಗ್:

ಅಲ್ಲಿ ಬ್ರೇಕರ್ ಇಲ್ರಿ! ಆ ಸ್ವಿಚ್ ಕರೆಂಟ್ ಕೊಡೋದಲ್ಲ, ಇಗ್ನಿಷನ್ ವೈರನ್ನ ಗ್ರೌಂಡಿಗೆ ಹಚ್ಚಿ ಎಂಜಿನ್ ಬಂದ್ ಮಾಡೋದು. ಹಿಂಗಾಗಿ ಕಾಂಟ್ಯಾಕ್ಟ್ ಬಿಚ್ಚಿದ್ರ ಚಾಲೂ, ಕೂಡಿದ್ರ ಬಂದ್. ಟಾಗಲ್ ಮ್ಯಾಲ ಮಾಡಿದಾಗ ಕಾಂಟ್ಯಾಕ್ಟ್ ಬಿಚ್ಚಬೇಕು, ಮೀಟರ್ ಹಿಡಿದು ನೋಡಿನ ಕೂಡಸ್ರಿ. ಎರಡು ಇಗ್ನಿಷನ್ನಿಗೆ ಎರಡು ಸ್ವಿಚ್, ಎರಡು ಶೀಲ್ಡ್ ವೈರ್.

ಆ ವೈರ್ ಕಡದ್ರ ಎಂಜಿನ್ ನಡದ ಇರ್ತೈತಿ, ಸ್ವಿಚ್ ಬಂದ್ ಇದ್ರೂ ಪ್ರೊಪೆಲ್ಲರಿಗೆ ಕೈ ಹಚ್ಚಾಕ ಬರಂಗಿಲ್ಲ. 4000 ಆರ್‌ಪಿಎಂ ಇಟ್ಟು ಒಂದೊಂದ ಬಂದ್ ಮಾಡಿ ನೋಡೂದು ಅದಕ್ಕ. 300ರೊಳಗ ಇಳಿದ್ರ ಸರಿ. ಒಂಚೂರೂ ಇಳೀಲಿಲ್ಲ ಅಂದ್ರ ಖುಷಿ ಪಡಬ್ಯಾಡ್ರಿ, ವೈರ್ ಕಡದೈತಿ.

ಎಎಂಇ_ಗೋಕುಲರೋಡ್:

ಆ ಎರಡಕ್ಕೂ ಲಾಕಿಂಗ್ ಟಾಗಲ್ ಹಾಕಿ, ಎಳೆದು ಎತ್ತಿದರಷ್ಟೇ ತಿರುಗುವಂಥದ್ದು. ಮೊಣಕಾಲು ತಾಗಿ ಬಂದ್ ಆಗಬಾರದು. ಎಲ್ಲ ಟಾಗಲ್ಲಿಗೂ ಕೀ ಇರುವ ವಾಷರ್ ಹಾಕಿ, ಅದರ ಹಲ್ಲಿಗೆ ಪ್ಯಾನಲ್ಲಿನಲ್ಲಿ ಸಣ್ಣ ತೂತು ಕೊರೆಯಿರಿ. ಅದಿಲ್ಲದಿದ್ದರೆ ನಟ್ ಸಡಿಲಾದಾಗ ಸ್ವಿಚ್ ಪೂರ್ತಿ ತಿರುಗಿ ಹಿಂದಿನ ಟರ್ಮಿನಲ್ ಪಕ್ಕದ್ದಕ್ಕೆ ತಾಗುತ್ತದೆ. 2 ಮಿಮೀ ಶೀಟಿಗೆ ನಟ್, ವಾಷರ್ ಎರಡೂ ಕೂರುವಷ್ಟು ಬುಷ್ (ಸ್ವಿಚ್ಚಿನ ಥ್ರೆಡ್ ಇರುವ ಕುತ್ತಿಗೆ) ಉದ್ದ ಇದೆಯೇ ಅಂತ ಒಂದು ಸ್ವಿಚ್ ತಂದು ಕೂಡಿಸಿ ನೋಡಿ, ಆಮೇಲೆ ಉಳಿದವುಗಳ ತೂತು ಹೊಡೆಯಿರಿ.