ಪಿಂಕ್ ಹೂವಿನ ಮರದ ಬೀಜ ಮೊಳಕೆಯೇ ಬರ್ತಿಲ್ಲ, ಯಾರಾದ್ರೂ ಹೇಳಿ

ಬಾಲ್ಕನಿ_ಭಟ್ಟ:
ಸಾಕಾಗಿ ಹೋಗಿದೆ. ಬೆಂಗಳೂರಲ್ಲಿ ರಸ್ತೆ ತುಂಬಾ ಪಿಂಕ್ ಹೂ ಬಿಡುತ್ತಲ್ಲ, ಆ ಮರದ ಬೀಜ ಹಾಕಿದ್ದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಎಲ್ಲ ಸರಿಯಾಗಿಯೇ ಇದೆ. ದಿನಾ ನೀರು ಹಾಕುತ್ತೇನೆ. ಒಂದೂ ಮೇಲೆ ಬಂದಿಲ್ಲ. ಕೆದಕಿ ನೋಡಿದರೆ ಬೀಜ ಕಪ್ಪಾಗಿ ಮೆತ್ತಗಾಗಿದೆ. ಅದೇ ಟ್ರೇಯಲ್ಲಿ ಟೊಮ್ಯಾಟೊ ಸಖತ್ತಾಗಿ ಬರುತ್ತೆ, ಇದಕ್ಕೇನು ಬಂತು?

ಕುಂಡಪ್ಪ:
ಬಿಸಿನೀರು ಕೊಟ್ಟಿದ್ರಾ? ಇಂಥ ಬೀಜಕ್ಕೆ ಸಿಪ್ಪೆ ಗಟ್ಟಿ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ಬಿಡಿ. ಊದಿಕೊಂಡಿದ್ದನ್ನು ಬಿತ್ತಿ. ಊದದಿದ್ದರೆ ಇನ್ನೊಂದು ಸಲ. ನನ್ನ ಮೇ ಫ್ಲವರ್ (ಗುಲ್‌ಮೊಹರ್) ಎಲ್ಲ ಹೀಗೇ ಬಂದದ್ದು.

ಕೆಮ್ಮಣ್ಣು:
ಕೋಕೋಪೀಟಿಗೆ ದಿನಾ ನೀರು ಹಾಕಿದರೆ ಕೊಳೆಯದೆ ಇನ್ನೇನಾಗುತ್ತೆ? ಅದು ಮೊದಲೇ ನೀರು ಬಿಡಲ್ಲ. ಅರ್ಧ ಮರಳು ಸೇರಿಸಿ. ಈ ಕೋಕೋಪೀಟ್ ಹುಚ್ಚು ಯಾವಾಗ ಬಿಡ್ತೀರೋ.

ಬಾಲ್ಕನಿ_ಭಟ್ಟ:
ಬಿಸಿನೀರೂ ಕೊಟ್ಟೆ. ಬೆಳಗ್ಗೆ ನೋಡಿದರೆ ಅಂಬಲಿ ಆಗಿತ್ತು.

ಕುಂಡಪ್ಪ:
ಹಾಗಾದರೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಸಿಪ್ಪೆ ಸವೆಯದೆ ನೀರು ಒಳಗೆ ಹೋಗಲ್ಲ. ಅದಕ್ಕೂ ಮುಂಚೆ ನೀರಿಗೆ ಹಾಕಿ, ತೇಲಿದ್ದನ್ನೆಲ್ಲ ಎಸೆಯಿರಿ.

ಕಾಡುಕೋಳಿ:
ಒಂದು ನಿಮಿಷ. ಯಾವ ಮರ ಅಂತ ಯಾರೂ ಕೇಳ್ತಾನೇ ಇಲ್ವಲ್ಲ! ಪಿಂಕ್ ಹೂವಿನ ಮರ ಅಂದರೆ ಪಿಂಕ್ ಕ್ಯಾಸಿಯಾ ಇರಬಹುದು, ಟಬೆಬುಯಾ ಇರಬಹುದು, ಮಳೆಮರ ಕೂಡ ಇರಬಹುದು. ಭಟ್ರೇ, ಕಾಯಿ ನೋಡಿ ಹೇಳಿ. ಕ್ಯಾಸಿಯಾ ಆದರೆ ಉದ್ದನೆ ಕೊಳವೆ, ತಾನಾಗಿ ಒಡೆಯಲ್ಲ, ಒಳಗೆ ಬಿಲ್ಲೆ ಬಿಲ್ಲೆ ಜೋಡಿಸಿದ ಹಾಗೆ, ಒಂದೊಂದರಲ್ಲೂ ಗಟ್ಟಿ ಬೀಜ. ಟಬೆಬುಯಾ ಆದರೆ ಸಪೂರ ಕೋಡು ಒಣಗಿ ಸೀಳಿಕೊಳ್ಳುತ್ತೆ, ಎರಡೂ ಕಡೆ ರೆಕ್ಕೆ ಇರುವ ಬೀಜ ಗಾಳಿಗೆ ಹಾರುತ್ತೆ.

ಬಾಲ್ಕನಿ_ಭಟ್ಟ:
ಹಾರೋದೇ. ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡೆ. ಹೋದ ವರ್ಷ ಬೇಸಿಗೆಯಲ್ಲಿ ಆಫೀಸ್ ಪಾರ್ಕಿಂಗ್‌ನಲ್ಲಿ ಆರಿಸಿದ್ದು. ಕವರಿನಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಹಾಕಿದೆ.

ಕಾಡುಕೋಳಿ:
ಅಲ್ಲೇ ಇರೋದು ವಿಷಯ. ಟಬೆಬುಯಾ ಬೀಜಕ್ಕೆ ಆಯಸ್ಸು ಕಮ್ಮಿ. ಮಾಮೂಲಿ ಶಾಖದಲ್ಲಿ, ಅದೂ ಮಳೆಗಾಲದ ತೇವದಲ್ಲಿ, ಕೆಲವೇ ತಿಂಗಳಲ್ಲಿ ಸತ್ವ ಹೋಗುತ್ತೆ. ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳು, ಬಿಸಿನೀರು ಬಿದ್ದರೆ ಬೆಂದೇ ಹೋಗುತ್ತೆ. ತೇಲಿಸಿ ನೋಡುವುದೂ ದಂಡ. ರೆಕ್ಕೆ ಇರೋ ಬೀಜ ತೇಲದೆ ಇನ್ನೇನು ಮಾಡುತ್ತೆ? ಕೋಡು ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದಾಗ, ಇನ್ನೇನು ಸೀಳುತ್ತೆ ಅನ್ನುವಾಗ ಕೊಯ್ಯಿರಿ. ನೆರಳಲ್ಲಿ ಒಣಗಿಸಿ ಆಗಲೇ ಬಿತ್ತಿ. ಆಳ ಬೇಡ, ಮೇಲೆ ಚೂರು ಮರಳು ಉದುರಿಸಿದರೆ ಸಾಕು. ತಾಜಾ ಬೀಜ ಎರಡು ಮೂರು ವಾರದೊಳಗೆ ಏಳುತ್ತೆ. ಇಟ್ಟುಕೊಳ್ಳಲೇಬೇಕು ಅಂದರೆ ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ.

ಕುಂಡಪ್ಪ:
ಆದರೂ ಉಗುರುಬೆಚ್ಚಗಿನ ನೀರು ಕೊಟ್ಟರೆ ನಷ್ಟ ಏನಿಲ್ಲ. ನನ್ನ ಅನುಭವ.

ಕಾಡುಕೋಳಿ:
ನಿಮ್ಮ ಅನುಭವ ಮೇ ಫ್ಲವರ್‌ದು ಸ್ವಾಮಿ.

ಹೊಂಗೆ_ನೆರಳು:
ಮಧ್ಯ ಅಮೆರಿಕದ ಮರಕ್ಕೆ ಇಷ್ಟು ಒದ್ದಾಟ ಯಾಕೆ? ಹೊಂಗೆ ಹಾಕಿ, ಮುತ್ತುಗ ಹಾಕಿ. ಲಾಲ್‌ಬಾಗ್ ನೋಡಿಕೊಳ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಹೊರಗಿನ ಮರ ತಂದು ಊರು ತುಂಬಿಸಿದ್ದೇ ಸಾಕು.

ಕೆಮ್ಮಣ್ಣು:
ಎಲ್ಲಾನೂ ಕ್ರುಂಬಿಗಲ್ ತಲೆಗೆ ಕಟ್ಟಬೇಡಿ. ಅವರು ಲಾಲ್‌ಬಾಗಿಗೆ ಬಂದದ್ದು 1908ರಲ್ಲಿ. ಆಮೇಲೆ ಊರು ಎಷ್ಟು ಬೆಳೀತು! 1980ರ ದಶಕದಲ್ಲಿ ಬೀದಿ ಬೀದಿಗೆ ಲಕ್ಷಗಟ್ಟಲೆ ಗಿಡ ಹಾಕಿಸಿದ್ದು ಅರಣ್ಯ ಇಲಾಖೆಯ ನೇಗಿನಹಾಳ್. ಅವರು ಹೊಂಗೆಯನ್ನೂ ನೆಡಿಸಿದ್ದಾರೆ.

ಹೊಂಗೆ_ನೆರಳು:
ನಾನು ಹೇಳಿದ್ದು ಅದಲ್ಲ. ಬೇರೆ ಥ್ರೆಡ್ ಶುರು ಮಾಡ್ತೀನಿ, ಅಲ್ಲಿಗೆ ಬನ್ನಿ.

ಮಸ್ಕತ್_ಮಲ್ಲಿಗೆ:
ಇಲ್ಲಿ ನಾನು ಟ್ರೇ ಅಡಿ ಬೆಚ್ಚಗಿಡೋ ಹೀಟ್ ಮ್ಯಾಟ್, ಬಿಸಿಲಿನ ಬದಲಿಗೆ ಟೈಮರ್ ಇರೋ ಗ್ರೋ ಲೈಟ್, ತೇವದ ಮೀಟರ್ ಎಲ್ಲ ಇಟ್ಟಿದ್ದೇನೆ. ಇಡೀ ರೂಮು ನರ್ಸರಿ. ಸದ್ಯಕ್ಕೆ ನೇರಳೆ ಜಕರಾಂಡ ಬಂದಿದೆ. ಅದೂ ಇದೇ ಕುಟುಂಬದ್ದೇ, ಬೀಜಕ್ಕೂ ರೆಕ್ಕೆ ಇದೆ. ಸೆಟಪ್ ಫೋಟೋ ಬೇಕಾ?

ಕೆಮ್ಮಣ್ಣು:
ಮಸ್ಕತ್ ಬಿಸಿಲಿಗೆ ಹೀಟ್ ಮ್ಯಾಟ್ ಯಾಕೆ ಮಾರಾಯ್ರೇ?

ಮಸ್ಕತ್_ಮಲ್ಲಿಗೆ:
ರೂಮಲ್ಲಿ ಎಸಿ ಓಡುತ್ತಲ್ಲ.

ಗಿಡ_ಗಂಟಿ:
ನಡುವೆ ಬಾಯಿ ಹಾಕ್ತಿದ್ದೇನೆ. ನನ್ನ ಹತ್ತಿರ ಇರೋದು ಆ ಬಿಲ್ಲೆ ಥರದ್ದು. ಅದಕ್ಕೆ?

ಕುಂಡಪ್ಪ:
ಬಿಸಿನೀರು!

ಕಾಡುಕೋಳಿ:
ಅದಕ್ಕೆ ಸರಿ. ನನಗಂತೂ ನೇಲ್ ಕಟರ್ ವಾಸಿ. ಬೀಜಕ್ಕೆ ಸಣ್ಣ ಕಣ್ಣು ಇರುತ್ತೆ, ಅದರ ಎದುರು ತುದಿಯಲ್ಲಿ ಸಿಪ್ಪೆ ಮಾತ್ರ ಚೂರು ಕತ್ತರಿಸಿ. ಒಳಗಿನ ಬಿಳಿ ಭಾಗ ಕಂಡ ತಕ್ಷಣ ನಿಲ್ಲಿಸಿ. ರಾತ್ರಿ ತಣ್ಣೀರಲ್ಲಿ ಬಿಟ್ಟರೆ ಬೆಳಗ್ಗೆ ಊದಿರುತ್ತೆ.

ಬಾಲ್ಕನಿ_ಭಟ್ಟ:
ಅಪ್‌ಡೇಟ್. ಈ ಬೇಸಿಗೆಯಲ್ಲಿ ಅದೇ ಮರದಿಂದ ಹೊಸ ಕೋಡು ತಂದು ಆವತ್ತೇ ಹಾಕಿದೆ. ಬಂತು! ಆದರೆ ಈಗ ಕೆಲವು ಸಸಿ ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಬಿದ್ದುಹೋಗುತ್ತಿವೆ. ಎಲೆ ಹಸಿರಾಗಿಯೇ ಇದೆ.

ಕೆಮ್ಮಣ್ಣು:
ನಾನು ಮೊದಲೇ ಬಡ್ಕೊಂಡೆ. ಬುಡ ಕೊಳೆಯುವ ಶಿಲೀಂಧ್ರ. ಬಿದ್ದಿದ್ದನ್ನು ಮಣ್ಣು ಸಮೇತ ತೆಗೆದು ಬಿಸಾಕಿ. ಮೇಲಿಂದ ನೀರು ಚುಮುಕಿಸೋದು ನಿಲ್ಲಿಸಿ, ಟ್ರೇಯನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಳಗಿಂದ ಕುಡಿಸಿ. ಮೇಲ್ಪದರ ಒಣಗದೆ ಮತ್ತೆ ನೀರು ಬೇಡ. ಗಾಳಿ ಆಡಲಿ. ಮುಚ್ಚಳ ಹಾಕಿದ್ದೀರಾ?

ಬಾಲ್ಕನಿ_ಭಟ್ಟ:
ಹಾಕಿದ್ದೇನೆ. ಮಸ್ಕತ್‌ನವರು ಫೋಟೋದಲ್ಲಿ ಹಾಕಿದ್ರಲ್ಲ.