ಸಿಂಗಪುರದಲ್ಲಿ ಆರ್ಬಿಟ್ರೇಷನ್, ಪೇಟೆಂಟ್ ಭಾರತದ್ದು: ‘ಪೇಟೆಂಟೇ ಊರ್ಜಿತವಲ್ಲ’ ಎಂದರೆ ಏನು ಮಾಡುವುದು?

ಕರಡು_ಓದುಗ
ಬೆಂಗಳೂರಿನ ವೈದ್ಯಕೀಯ ಉಪಕರಣ ಕಂಪನಿಯೊಂದು ತನ್ನ ಭಾರತೀಯ ಪೇಟೆಂಟನ್ನೂ ಸಾಫ್ಟ್‌ವೇರನ್ನೂ ಜರ್ಮನ್ ಕಂಪನಿಗೆ ಲೈಸೆನ್ಸ್ ಕೊಟ್ಟಿತ್ತು. ಕರಾರಿಗೆ ಭಾರತದ ಕಾನೂನು, ಆರ್ಬಿಟ್ರೇಷನ್ (ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ವಿಚಾರಣೆ) ಸಿಂಗಪುರದಲ್ಲಿ. ಅವಧಿ ಮುಗಿದರೂ ಹೊಸೂರಿನ ಘಟಕದಲ್ಲಿ ಅದೇ ಕೋಡ್ ಓಡುತ್ತಿದೆ. ರಾಯಲ್ಟಿ ಬಾಕಿ ಕೇಳಿದರೆ, ‘ಪೇಟೆಂಟೇ ಊರ್ಜಿತವಲ್ಲ, ಅದನ್ನು ಆರ್ಬಿಟ್ರೇಟರ್ ತೀರ್ಮಾನಿಸುವಂತೆಯೂ ಇಲ್ಲ’ ಎಂಬ ಉತ್ತರ. ಈ ತಕರಾರು ನಿಲ್ಲುತ್ತದೆಯೇ? ಬಳಕೆಗೆ ತುರ್ತು ತಡೆ ಎಲ್ಲಿ ಸಿಗುತ್ತದೆ?

ಕಲಂ48
ಅರ್ಧ ನಿಜ, ಅರ್ಧ ಬೆದರಿಕೆ. ಸುಪ್ರೀಂ ಕೋರ್ಟಿನ ವಿದ್ಯಾ ಡ್ರೋಲಿಯಾ (2020) ತೀರ್ಪಿನಂತೆ ಪೇಟೆಂಟ್ ಕೊಡುವುದು, ಟ್ರೇಡ್‌ಮಾರ್ಕ್ ನೋಂದಾಯಿಸುವುದು ಸರ್ಕಾರದ ಕೆಲಸ, ಆರ್ಬಿಟ್ರೇಷನ್‌ಗೆ ಬರುವುದಿಲ್ಲ. ಆದರೆ ಕರಾರು ಮುರಿದದ್ದು, ರಾಯಲ್ಟಿ ಬಾಕಿ ಇಬ್ಬರ ನಡುವಿನ ಲೆಕ್ಕ. ಬಾಂಬೆ ಹೈಕೋರ್ಟ್ ಈರೋಸ್ ಪ್ರಕರಣದಲ್ಲಿ (2016) ಕರಾರಿನಿಂದ ಹುಟ್ಟಿದ ಕಾಪಿರೈಟ್ ಜಗಳವನ್ನು ಆರ್ಬಿಟ್ರೇಷನ್‌ಗೇ ಬಿಟ್ಟಿತು. ಸಿಂಗಪುರದ 2019ರ ಕಾಯ್ದೆಯಡಿ ಪೇಟೆಂಟಿನ ಊರ್ಜಿತತೆಯನ್ನೂ ಆರ್ಬಿಟ್ರೇಟರ್ ನೋಡಬಹುದು, ತೀರ್ಪು ಮಾತ್ರ ಆ ಇಬ್ಬರಿಗಷ್ಟೇ ಅನ್ವಯ.

ಹಾಗಾಗಿ ‘ಪೇಟೆಂಟ್ ಊರ್ಜಿತವೆಂದು ಘೋಷಿಸಿ’ ಎಂದು ಕೇಳಲೇಬೇಡಿ. ಆ ಸಾಲು ತೀರ್ಪಿನೊಳಗೆ ಬಂದರೆ ಭಾರತದಲ್ಲಿ ಜಾರಿ ಮಾಡುವಾಗ ಇಲ್ಲಿನ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 48(2)ರ ಆಕ್ಷೇಪಕ್ಕೆ (ಇದು ಆರ್ಬಿಟ್ರೇಷನ್‌ಗೆ ಬರುವ ವಿಷಯವೇ ಅಲ್ಲ ಎಂಬುದಕ್ಕೆ) ನೀವೇ ದಾರಿ ಮಾಡಿಕೊಟ್ಟಂತೆ. ಇಂತಿಷ್ಟು ಬಾಕಿ, ಬಳಕೆ ನಿಲ್ಲಿಸಿ ಎಂದಷ್ಟೇ ಕೇಳಿ. ಕೋಡಿನ ಕಾಪಿರೈಟನ್ನು ಬೇರೆ ಕ್ಲೇಮಾಗಿ ಹಾಕಿ. ನಾಳೆ ಪೇಟೆಂಟ್ ಬಿದ್ದರೂ ಅದು ಉಳಿಯುತ್ತದೆ.

ತುರ್ತು_ಅರ್ಜಿ
ತಡೆಗೆ ಅದೇ ಕಾಯ್ದೆಯ ಸೆಕ್ಷನ್ 9, ಅಂದರೆ ಕೋರ್ಟಿನಿಂದ ಮಧ್ಯಂತರ ಆದೇಶ. ಸೀಟ್ (ಆರ್ಬಿಟ್ರೇಷನ್‌ನ ಕಾನೂನುಬದ್ಧ ನೆಲೆ) ಹೊರದೇಶದಲ್ಲಿದ್ದರೂ, ಕರಾರಿನಲ್ಲಿ ಬೇಡವೆಂದು ಬರೆದಿಲ್ಲದಿದ್ದರೆ, 2015ರ ತಿದ್ದುಪಡಿಯಿಂದಾಗಿ ಇದು ಲಭ್ಯ. ಅಂತರರಾಷ್ಟ್ರೀಯ ವ್ಯವಹಾರವಾದ್ದರಿಂದ ಅರ್ಜಿ ನೇರ ಹೈಕೋರ್ಟಿಗೆ. ಹೊಸೂರು ಬೆಂಗಳೂರಿನ ಬೆನ್ನಿಗೇ ಇದ್ದರೂ ತಮಿಳುನಾಡು; ಘಟಕದ ಮೇಲೆ ತಡೆ ಬೇಕಿದ್ದರೆ ಮದ್ರಾಸ್ ಹೈಕೋರ್ಟ್ ಯೋಚಿಸಿ. ಘಟಕ ಭಾರತೀಯ ಅಂಗಸಂಸ್ಥೆಯ ಹೆಸರಲ್ಲಿದ್ದು ಅದು ಸಹಿ ಹಾಕಿಲ್ಲವಾದರೆ ಇನ್ನೊಂದು ಜಗಳ ಶುರು.

ಆದೇಶ ಬಂದ 90 ದಿನದೊಳಗೆ ಆರ್ಬಿಟ್ರೇಷನ್ ಆರಂಭಿಸಲೇಬೇಕು. ಸಿಂಗಪುರದ ಎಮರ್ಜೆನ್ಸಿ ಆರ್ಬಿಟ್ರೇಟರ್ (ಮುಖ್ಯ ಆರ್ಬಿಟ್ರೇಟರ್ ನೇಮಕಕ್ಕೆ ಮೊದಲು ತುರ್ತು ಅರ್ಜಿ ಕೇಳುವವರು) ಕೊಟ್ಟ ಆದೇಶ ಇಲ್ಲಿ ನೇರ ಜಾರಿಯಾಗದು. ಅಂಥ ಆದೇಶವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ಅಮೆಜಾನ್–ಫ್ಯೂಚರ್ ತೀರ್ಪು (2021) ತೋರಿಸುವವರಿದ್ದಾರೆ, ಆದರೆ ಅಲ್ಲಿ ಸೀಟ್ ದೆಹಲಿ.

ಕರಡು_ಓದುಗ
ಕರಾರಿನಲ್ಲಿ ‘ಈ ಕರಾರಿನ ಅಡಿಯಲ್ಲಿನ ವಿವಾದಗಳು’ ಎಂದಷ್ಟೇ ಇದೆ. ಸೀಟ್ ಎಂಬ ಪದವಿಲ್ಲ, ‘ವೆನ್ಯೂ (ವಿಚಾರಣೆ ನಡೆಯುವ ಜಾಗ) ಸಿಂಗಪುರ’ ಎಂದಿದೆ.

ಕಲಂ48
ವೆನ್ಯೂ ದೊಡ್ಡ ಚಿಂತೆಯಲ್ಲ. ಬೇರೆ ಸೂಚನೆ ಇಲ್ಲದಿದ್ದರೆ ಅದನ್ನೇ ಸೀಟ್ ಎಂದು ಓದಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ (ಬಿಜಿಎಸ್ ಸೋಮ) ಹೇಳಿದೆ. ‘ಅಡಿಯಲ್ಲಿ’ ಎಂಬುದೇ ತಲೆನೋವು. ಅವಧಿ ಮುಗಿದ ನಂತರದ ಕಾಪಿರೈಟ್ ಉಲ್ಲಂಘನೆ ಇದರೊಳಗೆ ಬಾರದು ಎಂದು ಅವರು ವಾದಿಸುತ್ತಾರೆ. ಮುಗಿದ ಮೇಲೆ ಕೋಡ್ ಹಿಂದಿರುಗಿಸಬೇಕೆಂಬ ಷರತ್ತು ಇದೆಯೇ ನೋಡಿ. ಇದ್ದರೆ ಅದರ ಭಂಗವನ್ನೇ ಮುಂದೆ ಮಾಡಿ, ಉಲ್ಲಂಘನೆ ಅದರ ಹಿಂದೆ ಬರಲಿ.

ಮುಂದಿನ ಕರಡಿನಲ್ಲಿ ‘ಇದರಿಂದ ಉಂಟಾದ ಅಥವಾ ಇದಕ್ಕೆ ಸಂಬಂಧಿಸಿದ’ ಎಂದು ಹಾಕಿ. ಆರ್ಬಿಟ್ರೇಷನ್ ಷರತ್ತಿಗೆ ಅನ್ವಯಿಸುವ ಕಾನೂನು ಸಿಂಗಪುರದ್ದೆಂದು ಪ್ರತ್ಯೇಕವಾಗಿ ಬರೆಯಿರಿ. ಬರೆಯದಿದ್ದರೆ ಆ ಷರತ್ತಿಗೆ ಯಾವ ದೇಶದ ಕಾನೂನು ಎಂಬುದೇ ಜಗಳವಾಗುತ್ತದೆ; ಅದಕ್ಕೆ ಸಿಂಗಪುರದ ಮೇಲ್ಮನವಿ ನ್ಯಾಯಾಲಯದ ಅನುಪಮ್ ಮಿತ್ತಲ್ ತೀರ್ಪು (2023) ಓದಿ.