ಅಪ್‌ಡೇಟ್: ರೀಫ್ ಟ್ಯಾಂಕಿನ ಕಂದು ಲೋಳೆ

ನನ್ನ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮರಳಿನ ಮೇಲೆ ಗುಳ್ಳೆ ತುಂಬಿದ ಕಂದು ಲೋಳೆ, ನೀರು ಬದಲಿಸಿದಷ್ಟೂ ಜಾಸ್ತಿಯಾಗ್ತಿದೆ ಅಂತ ಕೇಳಿದ್ದೆ ಅಲ್ವಾ? ಮೈಕ್ರೋಸ್ಕೋಪಿನಲ್ಲಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ನೋಡಿದರೆ ಹನಿಯ ಆಕಾರದ ಜೀವಿಗಳು, ಒಂದು ತುದಿಯನ್ನು ಕಟ್ಟಿಹಾಕಿದ ಹಾಗೆ ನಿಂತಲ್ಲೇ ಸುತ್ತುತ್ತಿದ್ದವು. ಮಾಮೂಲಿ ಪಾಚಿ ಅಲ್ಲ, ಆಸ್ಟ್ರಿಯಾಪ್ಸಿಸ್ ಅನ್ನೋ ಡೈನೋಫ್ಲಾಜೆಲೇಟ್, ಅಂದ್ರೆ ಒಂದೇ ಕೋಶದ ಸೂಕ್ಷ್ಮಜೀವಿ! ನನ್ನ ಬಸವನಹುಳುಗಳು ಸತ್ತಿದ್ದೂ ಇದರ ವಿಷದಿಂದಲೇ ಇರಬೇಕು. ಅದು ಇನ್ನೂ ಬೇಜಾರು.

ನೀರು ಟೆಸ್ಟ್ ಮಾಡಿದಾಗ ಪಾಚಿ ಬೆಳೆಯಲು ಬೇಕಾದ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಹಾಗಾಗಿ ಇದರ ಜೊತೆ ಪೈಪೋಟಿಗೆ ಬೇರೆ ಪಾಚಿಯೇ ಇರಲಿಲ್ಲ. ಈ ಪೋಷಕಾಂಶಗಳು ನೀರಿನ ಜೊತೆ ಹೋಗದಿರಲಿ ಅಂತ ನೀರು ಬದಲಿಸೋದು ನಿಲ್ಲಿಸಿದೆ. ನೈಟ್ರೇಟನ್ನು ನಿಧಾನವಾಗಿ 5 ಪಿಪಿಎಂ ದಾಟಿಸಿದೆ, ಫಾಸ್ಫೇಟನ್ನು 0.1ರ ಹತ್ತಿರ ತಂದೆ. ಇವು ರಾತ್ರಿ ನೀರಿನಲ್ಲಿ ತೇಲುತ್ತವೆ, ಹಾಗಾಗಿ ತೇಲುವ ಜೀವಿಗಳನ್ನು ನೇರಳಾತೀತ ಬೆಳಕಿನಿಂದ ಕೊಲ್ಲುವ ಯುವಿ ಫಿಲ್ಟರನ್ನೂ ಹಾಕಿದೆ.

ಮೂರು ವಾರದಲ್ಲಿ ಮರಳು ಬೆಳ್ಳಗಾಯಿತು. ಗಾಜಿನ ಮೇಲೆ ಈಗ ಮಾಮೂಲಿ ಹಸಿರು ಪಾಚಿ ಬರ್ತಿದೆ. ಅದನ್ನು ನೋಡಿ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.